ಕಸ್ಟಮರ್ ಮಷೀನ್‌ನಲ್ಲಿ ಡೀಬಗ್ ಮಾಡೋಕೆ ಸಿಸ್‌ಇಂಟರ್ನಲ್ಸ್: ಬಹುಕಾಲ ಬಳಸಿದ ಮೇಲೆ

ಬಿಲ್ಲಿಂಗ್ ಸಾಫ್ಟ್‌ವೇರ್ ಸಪೋರ್ಟ್ ನನ್ನ ಕೆಲಸ. ಅಂಗಡಿಯ ಕಂಪ್ಯೂಟರ್‌ನಲ್ಲಿ ಕೋಡ್ ಬರೆಯೋಕೆ, ಡೀಬಗ್ ಮಾಡೋಕೆ (ತಪ್ಪು ಹುಡುಕೋಕೆ) ಬಳಸುವ ವಿಷುವಲ್ ಸ್ಟುಡಿಯೋ ಎಲ್ಲಿಂದ ಬರಬೇಕು? ಹಾಕೋಣ ಅಂದರೆ ಜಿಬಿಗಟ್ಟಲೆ ಡೌನ್‌ಲೋಡ್. ಕೌಂಟರ್ ಮುಂದೆ ಜನ ನಿಂತಿರುವಾಗ ಅದು ಆಗುವ ಮಾತಲ್ಲ. ದೂರದಿಂದಲೇ ತಪ್ಪು ಹುಡುಕುವ ರಿಮೋಟ್ ಡೀಬಗ್ಗರ್ ಆಫೀಸಿನ ನೆಟ್‌ವರ್ಕ್ ಒಳಗೆ ಚೆನ್ನಾಗಿದೆ, ಹೊರಗೆ ಫೈರ್‌ವಾಲ್ ಜೊತೆ ಗುದ್ದಾಡಬೇಕು. ಹಾಗಾಗಿ ನಾನು ನೆಚ್ಚಿಕೊಂಡಿರುವುದು ಸಿಸ್‌ಇಂಟರ್ನಲ್ಸ್ ಅನ್ನುವ, ವಿಂಡೋಸ್ ಒಳಗೆ ಏನು ನಡೆಯುತ್ತಿದೆ ಅಂತ ತೋರಿಸುವ ಪುಟ್ಟ ಟೂಲ್‌ಗಳನ್ನು.

1996ರಲ್ಲಿ ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಶುರು ಮಾಡಿದ್ದು ಇದು. 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಈಗಲೂ ಫ್ರೀ. ಇನ್‌ಸ್ಟಾಲ್ ಮಾಡುವ ತಲೆನೋವಿಲ್ಲ. ಇಎಕ್ಸ್‌ಇ ಕಾಪಿ ಮಾಡಿ, ಓಡಿಸಿ, ಕೆಲಸ ಮುಗಿದ ಮೇಲೆ ಡಿಲೀಟ್ ಮಾಡಿ.

ನಾನು ಜಾಸ್ತಿ ಬಳಸುವುದು ಪ್ರೊಸೆಸ್ ಮಾನಿಟರ್. ಪ್ರೋಗ್ರಾಂ ಯಾವ ಫೈಲ್ ತೆರೆಯಿತು, ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಯಾವ ಕೀ ಓದಿತು, ಎಲ್ಲ ಸಾಲುಸಾಲಾಗಿ ಬರುತ್ತದೆ. ಒಂದು ಅಂಗಡಿಯಲ್ಲಿ ನಮ್ಮ ಸಾಫ್ಟ್‌ವೇರ್ ಇದ್ದಕ್ಕಿದ್ದಂತೆ ಡೇಟಾಬೇಸ್ ತೆರೆಯುವಾಗ ಕ್ರ್ಯಾಶ್ ಆಗತೊಡಗಿತು. ನಾವು ಕೋಡ್ ಮುಟ್ಟಿರಲೇ ಇಲ್ಲ. ನಮ್ಮ ಪ್ರೊಸೆಸ್ ಹೆಸರಿಗೆ ಫಿಲ್ಟರ್ ಹಾಕಿ, ಕ್ರ್ಯಾಶ್‌ಗಿಂತ ಸ್ವಲ್ಪ ಹಿಂದಿನ ಸಾಲುಗಳನ್ನು ನೋಡಿದೆ. ನಮ್ಮ ಪ್ರೋಗ್ರಾಂ ಡೇಟಾಬೇಸ್ ಡಿಎಲ್‌ಎಲ್‌ಗಾಗಿ (ಪ್ರೋಗ್ರಾಂ ಓಡುವಾಗ ಸೇರಿಸಿಕೊಳ್ಳುವ ಕೋಡ್ ಫೈಲ್) ನಮ್ಮ ಫೋಲ್ಡರ್‌ನಲ್ಲಿ ಹುಡುಕಿತ್ತು: ‘ನೇಮ್ ನಾಟ್ ಫೌಂಡ್’. ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್‌ನಲ್ಲೂ ಅದೇ. ಕೊನೆಗೆ ಪಾಥ್‌ನಲ್ಲಿದ್ದ (ವಿಂಡೋಸ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಬೇರೆ ಯಾವುದೋ ಸಾಫ್ಟ್‌ವೇರ್‌ನ ಫೋಲ್ಡರ್‌ನಲ್ಲಿ ‘ಸಕ್ಸಸ್’. ಹೆಸರು ಅದೇ, ವರ್ಷನ್ ಮಾತ್ರ ಓಬೀರಾಯನ ಕಾಲದ್ದು. ನಮ್ಮ ಫೈಲನ್ನು ಆಂಟಿವೈರಸ್ ಎತ್ತಿ ಕ್ವಾರಂಟೈನ್‌ಗೆ ಹಾಕಿತ್ತು! ಡೀಬಗ್ಗರ್ ಹಾಕಿ ಕೂತಿದ್ದರೆ ನಮ್ಮ ಕೋಡನ್ನೇ ಬೈದುಕೊಂಡು ಸಂಜೆ ಮಾಡುತ್ತಿದ್ದೆವು.

ಹೊಸಬರಿಗೆ ಒಂದು ಮಾತು. ‘ನೇಮ್ ನಾಟ್ ಫೌಂಡ್’ ಕಂಡ ಕಡೆಯೆಲ್ಲ ಗಾಬರಿಯಾಗಬೇಡಿ, ವಿಂಡೋಸ್‌ನಲ್ಲಿ ಅದು ದಿನನಿತ್ಯದ್ದು. ‘ಬಫರ್ ಓವರ್‌ಫ್ಲೋ’ ಅಂತ ಬಂದರೂ ಅಷ್ಟೇ. ಮಾಹಿತಿ ಕೇಳಿದ ಪ್ರೋಗ್ರಾಂ ಅದಕ್ಕೆ ಕೊಟ್ಟ ಜಾಗ ಸಾಲಲಿಲ್ಲ ಅಂತ ಅರ್ಥ, ಹ್ಯಾಕರ್ ಬಂದ ಅಂತಲ್ಲ.

ಇನ್ನೊಂದು ಪ್ರೋಕ್‌ಡಂಪ್. ನಾವು ಅಲ್ಲಿ ಇಲ್ಲದಿರುವಾಗ ಕಾವಲು ಕೂರಲು ಇದೇ ಸರಿ. ಕಮಾಂಡ್ ಜೊತೆ ‘-ಇ’ (-e) ಕೊಟ್ಟರೆ ಪ್ರೋಗ್ರಾಂ ಬಿದ್ದ ಕ್ಷಣದ ಡಂಪ್, ಅಂದರೆ ಆ ಹೊತ್ತಿನ ಮೆಮೊರಿಯ ನಕಲು, ತೆಗೆಯುತ್ತದೆ. ‘-ಹೆಚ್’ ಕೊಟ್ಟರೆ ವಿಂಡೋ 5 ಸೆಕೆಂಡ್ ಸ್ತಬ್ಧವಾದಾಗ ತೆಗೆಯುತ್ತದೆ. ‘-ಎಂಎ’ ಸೇರಿಸಿದರೆ ಪೂರ್ತಿ ಮೆಮೊರಿ ಸಿಗುತ್ತದೆ. ಆ ಫೈಲನ್ನು ತಂದು ನಮ್ಮ ಟೇಬಲ್ ಮೇಲೆ ಮೈಕ್ರೋಸಾಫ್ಟ್‌ನ ಡೀಬಗ್ಗರ್ ವಿನ್‌ಡಿಬಿಜಿಯಲ್ಲಿ ತೆರೆದರೆ ಆಯ್ತು. ಆದರೆ ಆ ಬಿಲ್ಡ್‌ನ ಪಿಡಿಬಿ ಫೈಲ್ (ಅಡ್ರೆಸ್‌ಗಳನ್ನು ಕೋಡ್‌ನ ಹೆಸರುಗಳಿಗೆ ಹೊಂದಿಸುವ ಫೈಲ್) ಜೋಪಾನವಾಗಿ ಇಟ್ಟಿರಬೇಕು. ಆಮೇಲೆ ಅದೇ ಕೋಡನ್ನು ಮತ್ತೆ ಬಿಲ್ಡ್ ಮಾಡಿ ಬಂದ ಪಿಡಿಬಿ ಸಾಮಾನ್ಯವಾಗಿ ಹೊಂದುವುದಿಲ್ಲ. ಹೊಂದಿದ್ದು ಇದ್ದರೆ ಫಂಕ್ಷನ್ ಹೆಸರು, ಲೈನ್ ನಂಬರ್ ಎರಡೂ ಕಣ್ಣಮುಂದೆ. ಇಲ್ಲದಿದ್ದರೆ ಬರೀ ಅಡ್ರೆಸ್ ನೋಡುತ್ತಾ ಕೂರುವುದು.

ಪ್ರೋಗ್ರಾಂ ಕಳಿಸುವ ಡಿಬಗ್ ಮೆಸೇಜ್‌ಗಳನ್ನು ತೋರಿಸುವ ಡಿಬಗ್‌ವ್ಯೂ ಕೂಡ ಇದೆ. ಕೋಡ್‌ನಲ್ಲಿ ಡಿಬಗ್ ಮೆಸೇಜ್ ಬರೆದಿದ್ದರೆ ಉಪಯೋಗ, ಇಲ್ಲದಿದ್ದರೆ ಖಾಲಿ ಪರದೆ.

ಬೇಸರಗಳೂ ಇವೆ. ಪ್ರೊಸೆಸ್ ಮಾನಿಟರ್ ಡ್ರೈವರ್ ಲೋಡ್ ಮಾಡುವುದರಿಂದ ಅಡ್ಮಿನ್ ಹಕ್ಕು ಬೇಕೇ ಬೇಕು. ಓನರ್ ಊರಲ್ಲಿ ಇಲ್ಲದಿದ್ದರೆ ಪಾಸ್‌ವರ್ಡ್‌ಗಾಗಿ ಫೋನ್ ಮೇಲೆ ಫೋನ್. ಮರೆತು ಹಾಗೇ ಓಡಲು ಬಿಟ್ಟರೆ ಅದು ಮೆಮೊರಿ ನುಂಗುತ್ತಲೇ ಹೋಗುತ್ತದೆ. ಫಿಲ್ಟರ್ ಹಾಕಿದ್ದೀನಲ್ಲ ಅಂತ ಸುಮ್ನೆ ಇರಬೇಡಿ. ಫಿಲ್ಟರ್ ಬರೀ ತೋರಿಸುವುದನ್ನು ಕಡಿಮೆ ಮಾಡುತ್ತದೆ, ದಾಖಲಿಸುವುದನ್ನಲ್ಲ. ಮೆನುವಿನಲ್ಲಿ ‘ಡ್ರಾಪ್ ಫಿಲ್ಟರ್ಡ್ ಈವೆಂಟ್ಸ್’ ಆನ್ ಮಾಡಬೇಕು. ಪೂರ್ತಿ ಡಂಪ್‌ನಲ್ಲಿ ಗಿರಾಕಿಗಳ ಹೆಸರು, ಫೋನ್ ನಂಬರ್, ಕೆಲವೊಮ್ಮೆ ಪಾಸ್‌ವರ್ಡ್ ಕೂಡ ಇರಬಹುದು. ಅದನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಅರ್ಧ ಕಳೆದಿದ್ದು ಲೈಸೆನ್ಸ್‌ಗೆ. ಫ್ರೀ ಆದರೂ ನಮ್ಮ ಸೆಟಪ್ ಜೊತೆ ಸೇರಿಸಿ ಹಂಚುವಂತಿಲ್ಲ. ಅದಕ್ಕೇ ನಾವು ಹೆಲ್ಪ್ ಪೇಜ್‌ನಲ್ಲಿ ಮೈಕ್ರೋಸಾಫ್ಟ್ ಸೈಟಿನ ಲಿಂಕ್ ಮಾತ್ರ ಹಾಕಿದ್ದೇವೆ. ಕಸ್ಟಮರ್ ತಾವೇ ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ.