ಅಮೆರಿಕದ ನ್ಯಾಷನಲ್ ಪಾರ್ಕ್ ವಾರ್ಷಿಕ ಪಾಸ್: ಹತ್ತು ಜನ, ಮೂರು ಜೂನ್, ಎರಡು ಕಾರ್ಡ್

ಈ ಪಾಸನ್ನು ನಾವು ಜಾಸ್ತಿ ಬಳಸಿದ್ದು ಬಾತ್‌ರೂಮಿಗೆ ಹೋಗುವುದಕ್ಕೆ. ನಗಬೇಡಿ. ಎಪ್ಪತ್ತು ದಾಟಿದ ಮೂವರನ್ನೂ ಹತ್ತು ವರ್ಷದೊಳಗಿನ ಮೂವರನ್ನೂ ಒಂದೇ ಗಾಡಿಯಲ್ಲಿ ಕೂರಿಸಿಕೊಂಡು ಅರಿಜೋನಾದ ಮರುಭೂಮಿ ದಾಟಿ ನೋಡಿ, ನಿಮಗೂ ಗೊತ್ತಾಗುತ್ತದೆ.

‘ಅಮೆರಿಕ ದ ಬ್ಯೂಟಿಫುಲ್’ ಅನ್ನೋ ಈ ಪಾಸ್ ಒಂದಿದ್ದರೆ ನ್ಯಾಷನಲ್ ಪಾರ್ಕುಗಳ ಗೇಟಿನಲ್ಲಿ ಪ್ರತಿ ಸಲ ಪ್ರವೇಶದ ದುಡ್ಡು ಕೊಡಬೇಕಿಲ್ಲ. ಅದು ಎಲ್ಲಿ ಸಿಗುತ್ತೆ, ಎಲ್ಲೆಲ್ಲಿ ನಡೆಯುತ್ತೆ ಅನ್ನೋದನ್ನೆಲ್ಲ ಬಿಟ್ಟುಬಿಡುತ್ತೇನೆ. ನಾವು ಮೊದಲನೆಯದನ್ನು ಕೊಂಡಿದ್ದು 2023ರ ಜೂನ್ ಮೊದಲ ವಾರ, 80 ಡಾಲರ್ ಕೊಟ್ಟು. ಹಾಸನದಿಂದ ಅತ್ತೆ, ಮಾವ, ಮಾವನ ತಂಗಿ ಬಂದಿದ್ದರು. ನಾವು ನಾಲ್ವರು, ಮೈದುನ, ವಾರಗಿತ್ತಿ, ಅವರ ಮಗ. ಒಟ್ಟು ಹತ್ತು. ಪಾಸ್ ಇಲ್ಲದಿದ್ದರೆ ಯೂಟಾ ರಾಜ್ಯದ ಝಯಾನ್ ಪಾರ್ಕಿನ ಗೇಟಿನಲ್ಲಿ ಕಾರಿಗೆ 35 ಡಾಲರ್, ಬ್ರೈಸ್ ಕ್ಯಾನ್ಯನ್‌ನಲ್ಲಿ 35, ಆರ್ಚಸ್‌ನಲ್ಲಿ 30. ಮೂರನೇ ಗೇಟಿಗೇ ಅಸಲು ಹುಟ್ಟಿತು ಅಂತ ನಮ್ಮ ಮನೆಯವರು ಸ್ಟೇರಿಂಗ್ ತಟ್ಟಿ ಖುಷಿಪಟ್ಟರು.

ಆದರೆ ನಮ್ಮ ಹಿಂದೆ ಇನ್ನೊಂದು ಕಾರಿತ್ತಲ್ಲ! ಒಂದು ಪಾಸಿಗೆ ಒಂದೇ ಗಾಡಿ. ಗಾಡಿಯೊಳಗೆ ಎಷ್ಟು ಜನ ಇದ್ದರೂ ಕೇಳುವುದಿಲ್ಲ, ಎರಡನೇ ಗಾಡಿ ಬಂದರೆ ಮಾತ್ರ ಬಿಡುವುದಿಲ್ಲ. ಮಾವನಿಗೆ ಇದು ಪೂರ್ತಿ ಅನ್ಯಾಯ ಅನ್ನಿಸಿತು. ಮುಂದಿನ ಪಾರ್ಕಿನಲ್ಲಿ ನಾವು ಒಳಗೆ ಹೋದಮೇಲೆ ಕಾರ್ಡನ್ನು ಹಿಂದಿನ ಕಾರಿಗೆ ದಾಟಿಸಿಬಿಡೋಣ ಅಂದರು. ಹಾಗೇ ಮಾಡಿದೆವು ಕೂಡ. ಕಿಟಕಿಯಲ್ಲಿದ್ದ ಹುಡುಗಿ ಕಾರ್ಡ್ ನೋಡಿದಳು, ಮುಂದೆ ನಿಂತಿದ್ದ ನಮ್ಮ ಕಾರು ನೋಡಿದಳು, ನಕ್ಕು ಮೈದುನನ ಹತ್ತಿರ ದುಡ್ಡು ಇಸಿದುಕೊಂಡಳು. ತಪ್ಪು ನಮ್ಮದೇ, ನಿಯಮ ಗೊತ್ತಿದ್ದೇ ಮಾಡಿದ್ದು. ಹೀಗೆ ಒಂದೊಂದು ಗೇಟಿನಲ್ಲಿ ಕೊಡುತ್ತಾ ಹೋಗಿ ಎರಡನೇ ಕಾರಿಗೆ ನೂರು ಡಾಲರ್ ಆಯಿತು. ಮೊದಲೇ ಇನ್ನೊಂದು ಪಾಸ್ ತಗೊಂಡಿದ್ದರೆ ಇಪ್ಪತ್ತು ಉಳೀತಿತ್ತು. ಈ ಲೆಕ್ಕವನ್ನು ವಾರಗಿತ್ತಿ ಇವತ್ತಿಗೂ ಮರೆತಿಲ್ಲ.

ಪಾಸ್ ಇದ್ದರೆ ಎಲ್ಲ ಮುಗೀತು ಅಂತಲೂ ಅಂದುಕೊಳ್ಳಬೇಡಿ. ಆ ವರ್ಷ ಆರ್ಚಸ್‌ಗೆ ಬೆಳಿಗ್ಗೆ 7ರಿಂದ ಸಂಜೆ 4ರವರೆಗೆ ಹೋಗಬೇಕಾದರೆ ಸಮಯ ಮೊದಲೇ ಬುಕ್ ಮಾಡಿರಬೇಕಿತ್ತು. ನಾವು ಮಾಡಿರಲಿಲ್ಲ. ನಾಲ್ಕು ಗಂಟೆವರೆಗೆ ಮೋಅಬ್ ಊರಿನ ಒಂದು ಮರದಡಿ ಚಾಪೆ ಹಾಸಿ ಅವಲಕ್ಕಿ ತಿಂದು ಕಾದೆವು.

ಇನ್ನು ಒಂದು ಉಪಾಯ ಹೇಳುತ್ತೇನೆ, ಇದು ನಿಜಕ್ಕೂ ಉಪಯೋಗದ್ದು. ಪಾಸ್ ಮುಗಿಯುವುದು ಕೊಂಡ ತಾರೀಕಿಗಲ್ಲ, ಮುಂದಿನ ವರ್ಷ ಅದೇ ತಿಂಗಳ ಕೊನೆಯ ದಿನಕ್ಕೆ. ಜೂನ್ ಮೊದಲ ವಾರ ಕೊಂಡರೆ ಮುಂದಿನ ಜೂನ್ 30ರವರೆಗೆ ನಡೆಯುತ್ತದೆ. ಅಂದರೆ ಎರಡು ಬೇಸಿಗೆ, ಒಂದೇ ಕಾರ್ಡ್. 2024ರ ಜೂನ್‌ನಲ್ಲಿ ಅತ್ತೆ-ಮಾವ ಮತ್ತೆ ಬಂದಾಗ ಅದೇ ಹಳೇ ಕಾರ್ಡ್ ಹಿಡಿದು ಹೊರಟೆವು.

ಈ ಸಲ ಬುದ್ಧಿ ಬಂದಿತ್ತು, ಹನ್ನೆರಡು ಸೀಟಿನ ವ್ಯಾನ್ ಬಾಡಿಗೆಗೆ ತಗೊಂಡೆವು. ಬಾಡಿಗೆಯವರು ಕೊಟ್ಟ ಗಾಡಿಯಲ್ಲಿ ಹಿಂದಿನ ಸಾಲಿಗೆ ಏಸಿ ಗಾಳಿಯೇ ತಲುಪುತ್ತಿರಲಿಲ್ಲ, ಫೋನ್ ಮಾಡಿದರೆ ‘ಬೇರೆ ಗಾಡಿ ಇಲ್ಲ’. ಮೆಟ್ಟಿಲು ಎಷ್ಟು ಎತ್ತರ ಅಂದರೆ ಅತ್ತೆಗೆ ಕಾಲೇ ಎಟುಕಲಿಲ್ಲ. ಮೊದಲ ದಿನವೇ ಒಂದು ಪ್ಲಾಸ್ಟಿಕ್ ಸ್ಟೂಲ್ ಕೊಂಡೆವು. ವ್ಯಾನ್ ನಿಂತ ತಕ್ಷಣ ನನ್ನ ಮಗ ಕೆಳಗೆ ಹಾರಿ ಸ್ಟೂಲ್ ಇಡುವುದು, ಅತ್ತೆ ಒಂದು ಕೈ ಬಾಗಿಲಿಗೆ, ಒಂದು ಕೈ ಅವನ ತಲೆಗೆ ಕೊಟ್ಟು ಇಳಿಯುವುದು, ಆಮೇಲೆ ಮಾವನ ತಂಗಿ, ಆಮೇಲೆ ತಿಂಡಿ ಬುಟ್ಟಿ. ದಿನಕ್ಕೆ ಏಳೆಂಟು ಸಲ. ಏನೇ ಹೇಳಿ, ಒಂದೇ ಗಾಡಿ, ಒಂದೇ ಪಾಸ್. ಗೇಟಿನಲ್ಲಿ ನೆಮ್ಮದಿ.

ಗೇಟಿನ ಕೆಲಸ ಮಾವನದು. ಅವರು ಮುಂದಿನ ಸೀಟಿನಲ್ಲೇ ಕೂರುತ್ತಿದ್ದರು. ಗೇಟು ಇನ್ನೂ ಅರ್ಧ ಮೈಲಿ ಇರುವಾಗಲೇ ಕಾರ್ಡನ್ನು ಕರವಸ್ತ್ರದಲ್ಲಿ ಒರೆಸಿ, ಅದರ ಕೆಳಗೆ ಮಗನ ಲೈಸೆನ್ಸ್ ಜೋಡಿಸಿ ಹಿಡಿದುಕೊಳ್ಳುವರು, ಯಾಕೆಂದರೆ ಕಾರ್ಡಿನ ಜೊತೆ ಫೋಟೋ ಇರುವ ಗುರುತಿನ ಚೀಟಿಯನ್ನೂ ಕೇಳುತ್ತಾರೆ. ‘ಗುಡ್ ಮಾರ್ನಿಂಗ್, ವಿ ಆರ್ ಟೆನ್’ ಅನ್ನುವರು. ಎಷ್ಟು ಜನ ಅಂತ ಯಾರೂ ಕೇಳಿರುವುದಿಲ್ಲ. ಗೇಟಿನವರು ಕೊಡುವ ಕಪ್ಪು ಪಟ್ಟಿಯ ನಕ್ಷೆಯನ್ನು ಇಸಿದುಕೊಂಡು, ಇನ್ನೊಂದು ಕೊಡಿ ಅಂತ ಕೇಳಿ, ಮಡಿಕೆ ಕೆಡದ ಹಾಗೆ ಜವಳಿ ಅಂಗಡಿಯ ಚೀಲಕ್ಕೆ ಸೇರಿಸುವರು. ಒಂದು ನಮಗೆ, ಒಂದು ಹಾಸನದ ಸ್ನೇಹಿತರಿಗೆ ತೋರಿಸೋಕೆ.

ಈಗ ಬಾತ್‌ರೂಮಿನ ವಿಷಯ. ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಿಂದ ಪೇಜ್ ಅನ್ನೋ ಊರಿನ ಕಡೆಗೆ ಹೈವೇ 89ರಲ್ಲಿ ಹೋಗುವಾಗ ಅತ್ತೆ ‘ಎಲ್ಲಾದ್ರೂ ನಿಲ್ಸಪ್ಪ’ ಅಂದರು. ಸುತ್ತ ಏನೂ ಇಲ್ಲ. ಫೋನಿನಲ್ಲಿ ನೋಡಿದರೆ ಹತ್ತಿರದಲ್ಲಿ ವುಪಾಟ್ಕಿ ನ್ಯಾಷನಲ್ ಮಾನ್ಯುಮೆಂಟ್ ಅನ್ನೋ ಸಂರಕ್ಷಿತ ಜಾಗ. ಪಾಸ್ ಇಲ್ಲದಿದ್ದರೆ ಗಾಡಿಗೆ 25 ಡಾಲರ್, ಅದರಲ್ಲೇ ಪಕ್ಕದ ಸನ್‌ಸೆಟ್ ಕ್ರೇಟರ್ ಕೂಡ ಸೇರುತ್ತೆ ಅನ್ನಿ, ಆದರೂ ಹತ್ತು ನಿಮಿಷದ ಕೆಲಸಕ್ಕೆ 25 ಡಾಲರ್ ಯಾರು ಕೊಡ್ತಾರೆ? ಪಾಸ್ ಇತ್ತು, ತಿರುಗಿಸಿದೆವು. ಕೆಲಸ ಮುಗಿಯಿತು. ಬಂದಿದ್ದೀವಲ್ಲ, ಸುಮ್ನೆ ಒಂದು ಸುತ್ತು ನೋಡೋಣ ಅಂತ ಹಿಂದಿನ ಬಾಗಿಲಿನಿಂದ ಹೊರಗೆ ಬಂದರೆ, ಬಂಡೆಯ ಮೇಲೆ ಕೆಂಪು ಕಲ್ಲಿನ ದೊಡ್ಡ ಮನೆ. ಸುಮಾರು ಒಂಬೈನೂರು ವರ್ಷ ಹಳೆಯದು, ನೂರರಷ್ಟು ಕೋಣೆಗಳಿದ್ದವಂತೆ.

ಆ ಮನೆ ದಾಟಿ ಕೆಳಗಿಳಿದರೆ ನೆಲದಲ್ಲಿ ಒಂದು ಬಾಯಿ, ಮೇಲೆ ಕಬ್ಬಿಣದ ಜಾಲರಿ. ಅದರಿಂದ ಗಾಳಿ ಬರುತ್ತಿತ್ತು. ಅಲ್ಲಿಲ್ಲಿ ಸುಳಿಯುವ ಗಾಳಿ ಅಲ್ಲ, ಟೇಬಲ್ ಫ್ಯಾನ್ ಮಲಗಿಸಿಟ್ಟ ಹಾಗೆ ಭರ್ರೋ ಅಂತ. ತಣ್ಣಗೆ. ನೆಲದಡಿಯ ಸುಣ್ಣಕಲ್ಲಿನಲ್ಲಿ ದೊಡ್ಡ ಬಿರುಕುಗಳಿವೆ, ಹೊರಗಿನ ಗಾಳಿಯ ಒತ್ತಡ ಇಳಿದಾಗ ಅವು ಗಾಳಿ ಬಿಡುತ್ತವೆ, ಏರಿದಾಗ ಒಳಗೆ ಎಳೆದುಕೊಳ್ಳುತ್ತವೆ. ಸಾಮಾನ್ಯವಾಗಿ ಬಿಸಿಲು ಹೊತ್ತಿನಲ್ಲಿ ಬಿಡುವುದು, ರಾತ್ರಿ ಎಳೆಯುವುದು. ಅತ್ತೆ ಬಗ್ಗಿ ನೋಡಿದರು. ಸೆರಗು ಬಲೂನಿನ ಹಾಗೆ ಊದಿಕೊಂಡು ಮುಖಕ್ಕೇ ಬಂತು. ಬೆಚ್ಚಿ ಹಿಂದೆ ಸರಿದರು, ಮತ್ತೆ ಮುಂದೆ ಹೋಗಿ ಬೇಕೆಂದೇ ಸೆರಗು ಹಿಡಿದರು. ಏಸಿ ಇಲ್ಲದ ಹಿಂದಿನ ಸಾಲಿನಲ್ಲಿ ಎರಡು ದಿನ ಬೆಂದಿದ್ದ ವಾರಗಿತ್ತಿ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ‘ಇಂಥದ್ದೊಂದು ನಮ್ಮ ಹಿತ್ತಲಲ್ಲಿದ್ದಿದ್ರೆ ಕರೆಂಟ್ ಹೋದಾಗ ಎಷ್ಟು ಅನುಕೂಲ ಅಲ್ವೇನೇ’ ಅಂದರು ಅತ್ತೆ. ಮುಕ್ಕಾಲು ಗಂಟೆ ಯಾರೂ ಏಳಲಿಲ್ಲ. ಗ್ರ್ಯಾಂಡ್ ಕ್ಯಾನ್ಯನ್ ಹೇಗಿತ್ತು ಅಂತ ಅತ್ತೆಯನ್ನು ಕೇಳಿದರೆ ‘ಚೆನ್ನಾಗಿತ್ತು, ಆಳ ಇತ್ತು’ ಅಂತಾರೆ. ಈ ತೂತಿನ ಬಗ್ಗೆ ಕೇಳಿ, ಅರ್ಧ ಗಂಟೆ ಹೇಳ್ತಾರೆ.

ಅವತ್ತಿನಿಂದ ನಮಗೆ ಇದೇ ಚಟವಾಯಿತು. ದಾರಿಯಲ್ಲಿ ಇಂಥ ಜಾಗ ತೋರಿಸುವ ಕಂದು ಬಣ್ಣದ ಬೋರ್ಡ್ ಕಂಡರೆ ತಿರುಗಿಸುವುದು. ಸ್ವಚ್ಛ ಟಾಯ್ಲೆಟ್, ನೆರಳಿರುವ ಮೇಜು, ಚಿತ್ರಾನ್ನ, ಜೊತೆಗೆ ಏನೋ ಒಂದು ನೋಡೋಕೆ. ಐ-40 ಹೈವೇ ಪೆಟ್ರಿಫೈಡ್ ಫಾರೆಸ್ಟ್ ಪಾರ್ಕಿನ ಒಳಗೇ ಹಾದು ಹೋಗುತ್ತದೆ, ಅಲ್ಲಿ ಕಲ್ಲಾದ ಮರದ ದಿಮ್ಮಿಗಳ ಪಕ್ಕ ಕಾಫಿ ಕುಡಿದೆವು. ಪೇಜ್‌ನಲ್ಲಿ ಮಾತ್ರ ಮಾವನ ಕಾರ್ಡ್ ನಡೆಯಲಿಲ್ಲ. ಅಲ್ಲಿಯ ಆಂಟಲೋಪ್ ಕ್ಯಾನ್ಯನ್ ಅನ್ನೋ ಕಮರಿ ನವಾಹೋ ಎಂಬ ಮೂಲನಿವಾಸಿ ಜನರ ಜಾಗ, ಅಲ್ಲಿ ಅವರದ್ದೇ ಟಿಕೆಟ್, ಅವರದ್ದೇ ಗೈಡ್. ಮಾವ ಕಾರ್ಡನ್ನು ಎರಡು ಸಲ ತೋರಿಸಿ ನೋಡಿದರು.

2025ರ ಜೂನ್‌ನಲ್ಲಿ ಎರಡನೇ ಪಾಸ್ ಕೊಂಡು ಯೆಲ್ಲೋಸ್ಟೋನ್‌ಗೆ ಹೋದೆವು. ಯಾಕೋ ಈ ಸಲ ಪಾಸಿನ ಮೇಲೆ ನನ್ನ ಪ್ರೀತಿ ಸ್ವಲ್ಪ ಕಮ್ಮಿಯಾಯಿತು. ಅಲ್ಲಿ ಪಾರ್ಕೇ ಅಷ್ಟು ದೊಡ್ಡದು, ದಾರಿಯಲ್ಲಿ ತಿರುಗಿಸೋಕೆ ಸಣ್ಣ ಜಾಗಗಳಿಲ್ಲ, ಗೇಟಿನಲ್ಲಿ ದುಡ್ಡು ಕೊಡುವುದು ಒಂದೇ ಸಲ, ಏಳು ದಿನದ 35 ಡಾಲರ್ ಟಿಕೆಟ್ಟೇ ನಡೀತಿತ್ತು. ಪಕ್ಕದ ಗ್ರ್ಯಾಂಡ್ ಟೀಟನ್ ಪಾರ್ಕಿಗಾದರೂ ಉಪಯೋಗಕ್ಕೆ ಬರುತ್ತೆ ಅಂತ ಅದರ ಮೂಸ್ ಗೇಟಿಗೆ ಬಂದರೆ ಕಾರ್ಡೇ ಇಲ್ಲ. ಮಾವನ ಜೇಬು, ನಕ್ಷೆಯ ಚೀಲ, ತಿಂಡಿ ಬುಟ್ಟಿ ಎಲ್ಲ ತಡಕಿದ್ದಾಯಿತು. ಹಿಂದೆ ಕಾರುಗಳ ಸಾಲು. ‘ಭದ್ರವಾಗಿ ಇಟ್ಟಿದ್ದೀನಿ’ ಅಂತ ಮಾತ್ರ ಮಾವ ಹೇಳುತ್ತಿದ್ದರು. ಇನ್ನೊಂದು 35 ಕೊಟ್ಟು ಒಳಗೆ ಹೋದೆವು. ಈ ಕಾರ್ಡ್ ಕಳೆದರೆ ಬದಲಿ ಕೊಡುವುದಿಲ್ಲ, ಹೊಸದನ್ನೇ ಕೊಳ್ಳಬೇಕು. ಮನೆಯಲ್ಲಿ ನಮ್ಮ ಮಾವನಂಥವರಿದ್ದರೆ ಇದೊಂದು ನೆನಪಿಟ್ಟುಕೊಳ್ಳಿ.

2026ರಿಂದ ಬೆಲೆಯೂ ಬದಲಾಗಿದೆ. ಇಲ್ಲಿ ವಾಸ ಇರುವವರಿಗೆ ಅದೇ 80, ಹೊರದೇಶದಿಂದ ಬಂದವರು ಕೊಳ್ಳುವುದಾದರೆ 250. ಅವರು ಪಾಸಿಲ್ಲದೆ ಹೋದರೆ ಗ್ರ್ಯಾಂಡ್ ಕ್ಯಾನ್ಯನ್, ಝಯಾನ್, ಯೆಲ್ಲೋಸ್ಟೋನ್ ಥರದ 11 ದೊಡ್ಡ ಪಾರ್ಕುಗಳಲ್ಲಿ ತಲೆಗೆ 100 ಡಾಲರ್ ಜಾಸ್ತಿ. ಊರಿಂದ ಅಪ್ಪ-ಅಮ್ಮ ಬರುವವರಿದ್ದರೆ ಹೊರಡೋ ಮುಂಚೆ ಆಯಾ ಪಾರ್ಕಿನ ನಿಯಮ ಓದಿಕೊಳ್ಳಿ.

ದೊಡ್ಡ ಪಾರ್ಕ್ ಒಂದನ್ನೇ ನೋಡಿಕೊಂಡು ಬರುವವರಿಗೆ ಇದು ಬೇಡ. ಅರಿಜೋನಾ, ಯೂಟಾ ಕಡೆ ವಯಸ್ಸಾದವರ ಜೊತೆ ನಿಂತು ನಿಂತು ಹೋಗುವವರು ಕಣ್ಣು ಮುಚ್ಚಿ ತಗೊಳ್ಳಿ, ಒಂದೇ ಗಾಡಿ ಮಾಡಿಕೊಳ್ಳಿ, ಸ್ಟೂಲ್ ಮರೀಬೇಡಿ.

ಕಳೆದ ನಮ್ಮ ಕಾರ್ಡ್ 2025ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿತು. ಮಾವ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ವಿಷ್ಣು ಸಹಸ್ರನಾಮದ ಪುಸ್ತಕದಲ್ಲಿ, ನಡುವಿನ ಪುಟದಲ್ಲಿ ಇತ್ತಂತೆ. ಅದರ ಅವಧಿ 2026ರ ಜೂನ್ 30ರವರೆಗೆ. ಕಾರ್ಡ್ ಮಾತ್ರ ಹಾಸನದ ದೇವರ ಮನೆಯಲ್ಲಿದೆ.