ಅನ್ವಯಿಕ ಸಂಖ್ಯಾಶಾಸ್ತ್ರದ ಎಂ.ಎಸ್ಸಿ.: ಫೀಸು ಕಟ್ಟುವ ಮುಂಚೆ ಇಷ್ಟು ನೋಡಿ

ಡಿಗ್ರಿ ಮುಗಿಸಿ ಎಂ.ಎಸ್ಸಿ. ಸೀಟು ಹುಡುಕುತ್ತಿರುವವರಿಗೆ ಈ ಬರಹ. ಅದರಲ್ಲೂ ಸ್ಟ್ಯಾಟಿಸ್ಟಿಕ್ಸ್ ಕಡೆ ಹೋಗಬೇಕು ಅಂದುಕೊಂಡವರು ದಯವಿಟ್ಟು ಪೂರ್ತಿ ಓದಿ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾನು ಇದೇ ಕೋರ್ಸ್ ಮಾಡಿದೆ. ಅಪ್ಪ ಸಾಲ ಮಾಡಿ ಓದಿಸಿದರು. ಕೊನೆಗೆ ಮಾರ್ಕ್ಸ್ ಕಾರ್ಡ್ ಬಂತು, ವಿದ್ಯೆ ಬರಲಿಲ್ಲ.

ಕರಪತ್ರದಲ್ಲಿ ಎಲ್ಲ ಇತ್ತು. ಪ್ರಾಬಬಿಲಿಟಿ ಥಿಯರಿ, ಇನ್ಫರೆನ್ಸ್, ಮಲ್ಟಿವೇರಿಯೇಟ್, ಸ್ಯಾಂಪ್ಲಿಂಗ್, ಸ್ಟೋಕಾಸ್ಟಿಕ್ ಪ್ರೊಸೆಸ್. ಅಡ್ಮಿಷನ್ ಕೌಂಟರಿನಲ್ಲಿದ್ದವರು ಅಪ್ಪನಿಗೆ, "ನೀವು ಚಿಂತೆನೇ ಮಾಡ್ಬೇಡಿ ಸರ್, ಪ್ಲೇಸ್‌ಮೆಂಟ್ ನಮ್ಮ ಜವಾಬ್ದಾರಿ" ಅಂದರು. ಕ್ಲಾಸು ಶುರುವಾದ ಮೇಲೆ ಒಂದೊಂದೇ ವಿಷಯ ಕಳಚಿಕೊಂಡಿತು. ಸ್ಟೋಕಾಸ್ಟಿಕ್ ಪ್ರೊಸೆಸ್‌ಗೆ ಮೇಷ್ಟ್ರಿಲ್ಲ ಎಂದು ಅದರ ಜಾಗಕ್ಕೆ ಪೈಥಾನ್ ಬಂತು. ಪ್ರಾಬಬಿಲಿಟಿ ಕಲಿಸಲು ಬಂದವರು ಕಂಪ್ಯೂಟರ್ ಸೈನ್ಸಿನವರು. ಒಳ್ಳೆಯವರೇ, ಆದರೆ ಅದು ಅವರ ವಿಷಯ ಅಲ್ಲ. ಸ್ಯಾಂಪಲ್ ದೊಡ್ಡದಾದಂತೆ ಸರಾಸರಿಗಳ ಹಂಚಿಕೆ ಗಂಟೆಯಾಕಾರಕ್ಕೆ ಹತ್ತಿರವಾಗುತ್ತದೆ ಅನ್ನುವ ಸೆಂಟ್ರಲ್ ಲಿಮಿಟ್ ಥಿಯರಮ್ ಒಂದು ಸ್ಲೈಡಿನಲ್ಲಿ ಮುಗಿಯಿತು. ಅದು ಯಾವಾಗ ಕೈಕೊಡುತ್ತದೆ ಎಂದು ಕೇಳಿದ್ದಕ್ಕೆ, "ಇದು ಅಪ್ಲೈಡ್ ಕೋರ್ಸಮ್ಮ, ಅಷ್ಟೆಲ್ಲ ಬೇಡ" ಅಂದುಬಿಟ್ಟರು.

ಈ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ನಂಬಬೇಡಿ. ಥಿಯರಮ್ ಯಾವಾಗ ನಡೆಯುತ್ತದೆ, ಯಾವಾಗ ಇಲ್ಲ ಅನ್ನುವ ಷರತ್ತುಗಳು ಲೆಕ್ಕವನ್ನು ಕೆಲಸಕ್ಕೆ ಹಚ್ಚುವವರಿಗೇ ಜಾಸ್ತಿ ಬೇಕು. ಆಗಾಗ ವಿಪರೀತ ದೊಡ್ಡ ಅಂಕಿ ಬಂದುಬಿಡುವ ಕೋಶಿ ಡಿಸ್ಟ್ರಿಬ್ಯೂಷನ್ನಿನಿಂದ ಎಷ್ಟು ಸಾವಿರ ಅಂಕಿ ತೆಗೆದರೂ ಸರಾಸರಿ ಒಂದು ಕಡೆ ನಿಲ್ಲುವುದಿಲ್ಲ. ಇದು ಗೊತ್ತಿಲ್ಲದೆ ಇನ್ಶೂರೆನ್ಸ್ ಕ್ಲೇಮಿನಂಥ ಡೇಟಾ ಮುಟ್ಟಿದರೆ ಏನಾಗಬಹುದು ಯೋಚಿಸಿ.

ಲ್ಯಾಬಿನ ಕಥೆಯೂ ಅಷ್ಟೇ. ಸೆಮಿಸ್ಟರ್ ಮೇಲೆ ಸೆಮಿಸ್ಟರ್ ಅದೇ ಐರಿಸ್ ಡೇಟಾ. ಸಂಖ್ಯಾಶಾಸ್ತ್ರಜ್ಞ ಫಿಶರ್ 1936ರಲ್ಲಿ ಬಳಸಿದ 150 ಹೂವುಗಳ ಅಳತೆ. ಮೂರು ಜಾತಿ, ಒಂದೊಂದಕ್ಕೂ 50 ಸಾಲು, ಒಂದು ಖಾಲಿ ಮನೆಯೂ ಇಲ್ಲ. ಕಲಿಕೆಯ ಮೊದಲ ವಾರಕ್ಕೆ ಅದು ಚೆನ್ನ. ಆದರೆ ಕೆಲಸದ ಜಾಗದಲ್ಲಿ ಅಂಥ ಶುದ್ಧ ಡೇಟಾ ಸಿಗುವುದೇ ಇಲ್ಲ. ಬಿಟ್ಟುಹೋದ ಉತ್ತರ, ಎರಡೆರಡು ಸಲ ಬಿದ್ದ ಹೆಸರು, ಅರ್ಧಕ್ಕೇ ಟ್ರಯಲ್ ಬಿಟ್ಟ ರೋಗಿಗಳು ಇವೆಲ್ಲ ಇರುತ್ತವೆ. ಅದನ್ನು ಹೇಗೆ ನಿಭಾಯಿಸಬೇಕು ಅಂತ ಯಾರೂ ಹೇಳಿಕೊಡಲಿಲ್ಲ.

ಇದರ ಪೆಟ್ಟು ಬಿದ್ದದ್ದು ಇಂಟರ್‌ವ್ಯೂನಲ್ಲಿ. ಕ್ಲಿನಿಕಲ್ ಟ್ರಯಲ್ ಲೆಕ್ಕ ಮಾಡುವ ಒಂದು ಕಂಪನಿ. "ಪಿ-ವ್ಯಾಲ್ಯೂ 0.03 ಬಂದಿದೆ, ಏನರ್ಥ?" ಅಂತ ಕೇಳಿದರು. ನಮ್ಮ ನೋಟ್ಸಿನಲ್ಲಿ ಬರೆಸಿದ್ದು, "ಔಷಧ ಕೆಲಸ ಮಾಡುವ ಸಾಧ್ಯತೆ ಶೇ. 97" ಎಂದು. ಇದು ಪೂರ್ತಿ ತಪ್ಪು. ಔಷಧದಿಂದ ಏನೂ ಪರಿಣಾಮ ಇಲ್ಲ ಅಂತ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಶೇ. 3. ಅಷ್ಟೇ ಅದರ ಅರ್ಥ. ಕೇಳಿದವರು ಪಾಪ ತಾಳ್ಮೆಯಿಂದ ವಿವರಿಸಿದರು. ಅಲ್ಲಿ ಕೂತಾಗ ನನಗೆ ಬಂದದ್ದು ಸಿಟ್ಟು. ನಮ್ಮ ಬ್ಯಾಚಿನ ಪ್ರತಿಯೊಬ್ಬರೂ ಇದೇ ಉತ್ತರ ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಿದ್ದೆವು.

ಇನ್ನೊಂದು ನೋವಿನ ವಿಷಯ. ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಅಂದಾಜಿನ ವೇರಿಯನ್ಸ್, ಅಂದರೆ ಏರುಪೇರು, ಎಲ್ಲಿಯವರೆಗೆ ಇಳಿಯಬಹುದು ಎಂದು ಹೇಳುವ ಕ್ರೇಮರ್-ರಾವ್ ಅಸಮಾನತೆ ಜಗತ್ತಿನ ಯಾವ ಎಂ.ಎಸ್ಸಿ.ಯಲ್ಲೂ ಇರಬೇಕಾದ ಪಾಠ. ಕರ್ನಾಟಕದಲ್ಲೇ ಕೂತು ಓದಿದ ನಮಗೆ ಅವರ ಹೆಸರೂ ಕೇಳಿಸಲಿಲ್ಲ.

ಪದವಿಯ ಹೆಸರು ಕೂಡ ನೋಡಿ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆಗೆ ಸ್ಟ್ಯಾಟಿಸ್ಟಿಕ್ಸ್, ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್ ಅಥವಾ ಅಪ್ಲೈಡ್ ಸ್ಟ್ಯಾಟಿಸ್ಟಿಕ್ಸ್ ಡಿಗ್ರಿಯಲ್ಲಿ ಒಂದು ವಿಷಯವಾಗಿರಬೇಕು, ಇಲ್ಲವೇ ಅದರಲ್ಲಿ ಮಾಸ್ಟರ್ಸ್ ಇರಬೇಕು. ನಮ್ಮ ವಿಶ್ವವಿದ್ಯಾಲಯ ಮಧ್ಯದಲ್ಲಿ ಹೆಸರು ಬದಲಿಸಿ ಸರ್ಟಿಫಿಕೇಟಿನಲ್ಲಿ ‘ಡೇಟಾ ಅನಲಿಟಿಕ್ಸ್’ ಅಂತ ಮಾತ್ರ ಅಚ್ಚು ಹಾಕಿತು. ಬಿ.ಎಸ್ಸಿ.ಯಲ್ಲೇ ಸ್ಟ್ಯಾಟಿಸ್ಟಿಕ್ಸ್ ಇದ್ದ ನಾನು ಬಚಾವಾದೆ. ಪಿಸಿಎಂ ಓದಿ ಬಂದಿದ್ದ ಗೆಳತಿ ಆ ಪರೀಕ್ಷೆಯ ಆಸೆಯಿಂದಲೇ ಸೇರಿದ್ದಳು. ಲೆಕ್ಚರರ್ ಆಗಬೇಕು ಅನ್ನುವವರಿಗೂ ಒಂದು ಮಾತು: ಯುಜಿಸಿ-ನೆಟ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ನಾವು ಓದುವಾಗ ಪ್ರತ್ಯೇಕ ವಿಷಯವಾಗಿರಲಿಲ್ಲ, ಸಿಎಸ್‌ಐಆರ್-ನೆಟ್‌ನ ಮ್ಯಾಥಮ್ಯಾಟಿಕಲ್ ಸೈನ್ಸಸ್ ಬರೆಯಬೇಕಿತ್ತು. ಥಿಯರಿ ಇಲ್ಲದೆ ಅದು ಆಗದ ಮಾತು.

ಹಾಗಾದರೆ ಎಲ್ಲಿ ಸೇರಬೇಕು? ಮೈಸೂರು, ಬೆಂಗಳೂರು, ಧಾರವಾಡದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹಳೆಯ ಸ್ಟ್ಯಾಟಿಸ್ಟಿಕ್ಸ್ ವಿಭಾಗಗಳಿವೆ, ಫೀಸೂ ಕಡಿಮೆ. ಐಐಟಿಗಳಿಗೆ ಹೋಗುವ ಆಸೆ ಇದ್ದರೆ ‘ಜಾಮ್’ ಪರೀಕ್ಷೆಯ ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್ ಪತ್ರಿಕೆ ಬರೆಯಿರಿ. 1931ರಲ್ಲಿ ಮಹಾಲನೋಬಿಸ್ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಐಎಸ್‌ಐನ ಎಂ.ಸ್ಟ್ಯಾಟ್ ಕಷ್ಟದ ಪ್ರವೇಶ, ಆದರೂ ಒಮ್ಮೆ ಪ್ರಯತ್ನಿಸಿ. ಖಾಸಗಿ ಕಡೆಯೇ ಸೇರುವುದಾದರೆ ಹಳೆಯ ಪ್ರಶ್ನೆಪತ್ರಿಕೆ ಕೇಳಿ ತರಿಸಿಕೊಳ್ಳಿ. ಪಾಠ ಎಷ್ಟು ಆಳಕ್ಕೆ ಹೋಗಿದೆ ಅಂತ ಅದೇ ಹೇಳುತ್ತದೆ. ವಿಭಾಗದಲ್ಲಿ ಸ್ಟ್ಯಾಟಿಸ್ಟಿಕ್ಸಿನಲ್ಲೇ ಪಿಎಚ್.ಡಿ. ಮಾಡಿದವರು ಎಷ್ಟು ಜನ, ಅವರಲ್ಲಿ ನಿಜಕ್ಕೂ ಕ್ಲಾಸಿಗೆ ಬರುವವರು ಯಾರು ಅಂತ ಸೀನಿಯರ್‌ಗಳನ್ನು ಕೇಳಿ.

ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟುಬರಬೇಡಿ. ನಮ್ಮಲ್ಲಿ ‘ವೆರಿಫಿಕೇಷನ್’ ಅಂತ ಇಸಿದುಕೊಂಡು ಇಟ್ಟುಕೊಂಡರು. ಶುರುವಿನಲ್ಲೇ ಬೇರೆ ಕಡೆ ಸೀಟು ಸಿಕ್ಕ ಸಹಪಾಠಿಗೆ, ಎರಡನೇ ವರ್ಷದ ಫೀಸೂ ಕಟ್ಟಿದರೆ ಮಾತ್ರ ವಾಪಸ್ ಎಂದರು. ಯುಜಿಸಿಯ 2018ರ ಆದೇಶದ ಪ್ರಕಾರ ಹಾಗೆ ಇಟ್ಟುಕೊಳ್ಳುವಂತಿಲ್ಲ. ಅದೇ ಆದೇಶದಲ್ಲಿ ಫೀಸು ವಾಪಸಾತಿಯ ಲೆಕ್ಕವೂ ಇದೆ: ಪ್ರವೇಶದ ಕೊನೆಯ ದಿನಾಂಕ ಕಳೆದು 15 ದಿನದೊಳಗೆ ಬಿಟ್ಟರೆ ಶೇ. 80, ಅಲ್ಲಿಂದ 30 ದಿನದವರೆಗೆ ಶೇ. 50, ಆಮೇಲೆ ಏನೂ ಇಲ್ಲ. ಅವನು ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಿ, ಅದರ ಪ್ರತಿ ತಂದು ಕಚೇರಿಯಲ್ಲಿ ಕೊಟ್ಟ. ಅಂಕಪಟ್ಟಿ ಸಿಕ್ಕಿತು. ಫೀಸಿಗೆ ಇನ್ನೂ ಓಡಾಡುತ್ತಿದ್ದಾನೆ.