ಬಯೋಚಾರ್: ಹಲವು ಬೆಳೆ ತೆಗೆದ ಮೇಲೆ ನನ್ನ ಅಭಿಪ್ರಾಯ

ಬಯೋಚಾರ್ ಅಂದರೆ ಮರ, ಬೆಳೆಯ ಕಸವನ್ನು ಗಾಳಿ ಕಮ್ಮಿ ಇರುವಲ್ಲಿ ಸುಟ್ಟು ಮಾಡುವ, ಮಣ್ಣಿಗೆ ಬೆರೆಸುವ ಇದ್ದಿಲು. ನಾನು ತಂದ ಚೀಲದ ಮೇಲೆ 'ಮಣ್ಣಿನ ವಿಷವನ್ನು ಒಡೆಯುತ್ತದೆ' ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಇಷ್ಟು ವರ್ಷ ಬಳಸಿದ ಮೇಲೆ ಹೇಳುವುದಾದರೆ, ಅದು ಅರ್ಧ ಸತ್ಯ. ಬಯೋಚಾರ್ ವಿಷವನ್ನು ಹೆಚ್ಚಾಗಿ ಹಿಡಿದಿಡುತ್ತದೆ. ಒಡೆಯುವ ಕೆಲಸದಲ್ಲಿ ದೊಡ್ಡ ಪಾಲು ಸೂಕ್ಷ್ಮಜೀವಿಗಳದ್ದು. ಅವಕ್ಕೆ ಅದರ ರಂಧ್ರಗಳಲ್ಲಿ ವಾಸಕ್ಕೆ ಜಾಗ ಸಿಗುತ್ತದೆ, ಅಷ್ಟೆ. ಕೆಲವೊಮ್ಮೆ ಹಿಡಿತ ಎಷ್ಟು ಗಟ್ಟಿ ಎಂದರೆ ಆ ಜೀವಿಗಳಿಗೂ ವಿಷ ಸಿಗದೆ, ಅದು ಒಡೆಯುವುದೇ ನಿಧಾನವಾಗುತ್ತದೆ.

ಹಾಗಂತ ಉಪಯೋಗ ಇಲ್ಲ ಅಂತಲ್ಲ. ಜೋಳಕ್ಕೆ ಅಟ್ರಜಿನ್ ಎಂಬ ಕಳೆನಾಶಕ ಹೊಡೆದ ಜಾಗದಲ್ಲಿ ಮುಂದಿನ ಬೆಳೆಯಾಗಿ ಸೋಯಾ ಅಥವಾ ತರಕಾರಿ ಹಾಕಿದರೆ ಎಲೆಯಂಚು ಹಳದಿಯಾಗುವುದು ಗೊತ್ತಲ್ವಾ? ಬಯೋಚಾರ್ ಬೆರೆಸಿದ ಮಡಿಗಳಲ್ಲಿ ಆ ಕಾಟ ಚೆನ್ನಾಗಿಯೇ ಇಳಿಯಿತು. ಹೋಲಿಸಲೆಂದು ಪಕ್ಕದಲ್ಲಿ ಒಂದು ಪಟ್ಟಿಗೆ ಏನೂ ಹಾಕದೆ ಬಿಟ್ಟಿದ್ದೆ. ವ್ಯತ್ಯಾಸ ದೂರದಿಂದಲೇ ಕಾಣುತ್ತಿತ್ತು.

ಆದರೆ ಇದೇ ಗುಣ ತಿರುಗಿಯೂ ಹೊಡೆಯುತ್ತದೆ. ಕಳೆ ಮೊಳೆಯುವ ಮುಂಚೆ ಮಣ್ಣಿಗೆ ಹೊಡೆಯುವ ಔಷಧಿಯನ್ನೂ ಬಯೋಚಾರ್ ಹೀರಿಕೊಳ್ಳುತ್ತದೆ. ಔಷಧಿ ದಂಡ, ಕಳೆ ಜೋರು! ಡೋಸ್ ಜಾಸ್ತಿ ಮಾಡಿ ಎಂದು ಅಂಗಡಿಯವರು ಹೇಳಿದರು. ವಿಷ ಕಮ್ಮಿ ಮಾಡೋಕೆ ಅಂತ ಹಾಕಿದ ವಸ್ತುವಿಗೆ ಇನ್ನಷ್ಟು ವಿಷ ಉಣಿಸುವುದು ಯಾವ ಲೆಕ್ಕ? ಆ ಮಡಿಗಳಲ್ಲಿ ಈಗ ಕೈಯಲ್ಲೇ ಕಳೆ ಕೀಳುತ್ತೇನೆ.

ಕ್ಯಾಡ್ಮಿಯಂ, ಸೀಸದಂಥ ಲೋಹಗಳ ಕತೆ ಬೇರೆ. ಲೋಹವನ್ನು ಯಾವ ಜೀವಿಯೂ ಒಡೆಯಲಾರದು. ಬಯೋಚಾರ್ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿಸಿ, ಲೋಹ ಬೇರಿಗೆ ಸಿಗುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಲ್ಯಾಬಿನಲ್ಲಿ ಒಟ್ಟು ಪ್ರಮಾಣ ನೋಡಿಸಿದರೆ ಹಳೆಯ ಅಂಕಿಯೇ ಬರುತ್ತದೆ. ಗಿಡಕ್ಕೆ ಸಿಗುವ ಪ್ರಮಾಣ ಎಷ್ಟು ಅಂತ ಕೇಳಿ ಪರೀಕ್ಷೆ ಮಾಡಿಸಿ. ಆರ್ಸೆನಿಕ್ ಇರುವ ಮಣ್ಣಾದರೆ ಹುಷಾರು. ಪಿಎಚ್ ಏರಿದರೆ ಅದು ಇನ್ನೂ ಸಡಿಲವಾಗಿ ಓಡಾಡಬಹುದು. ಮೊದಲೇ ಕ್ಷಾರ ಇರುವ ಮಣ್ಣಿಗೂ ಇದು ಅಷ್ಟಾಗಿ ಹೊಂದುವುದಿಲ್ಲ.

ಕೊಳ್ಳುವಾಗ ಬ್ರಾಂಡಿಗಿಂತ ಯಾವುದನ್ನು ಎಷ್ಟು ಬಿಸಿಯಲ್ಲಿ ಸುಟ್ಟಿದ್ದಾರೆ ಎಂದು ಕೇಳಿ. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಸುಟ್ಟ ಮರದ ಬಯೋಚಾರ್‌ನಲ್ಲಿ ರಂಧ್ರ ಹೆಚ್ಚು. ಕೀಟನಾಶಕದ ಉಳಿಕೆಗೆ ಅದೇ ಒಳ್ಳೆಯದು. 350 ಡಿಗ್ರಿ ಆಸುಪಾಸಿನದು ಇದನ್ನು ಅಷ್ಟು ಹೀರುವುದಿಲ್ಲ. ಹೈಡ್ರೋಜನ್ ಮತ್ತು ಸಾವಯವ ಇಂಗಾಲದ ಅನುಪಾತ (ತೂಕದ್ದಲ್ಲ, ಪರಮಾಣುಗಳ ಎಣಿಕೆಯದು) 0.7ಕ್ಕಿಂತ ಕಡಿಮೆ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಸರಿಯಾಗಿ ಸುಟ್ಟಿಲ್ಲ ಅಂತ ಅರ್ಥ. ಕೆಟ್ಟದಾಗಿ ಸುಟ್ಟ ಮಾಲಿನಲ್ಲಿ ಪಿಎಎಚ್ ಎಂಬ ಹಾನಿಕಾರಕ ರಾಸಾಯನಿಕಗಳು ಉಳಿಯುತ್ತವೆ. ಬಣ್ಣ ಬಳಿದ ಮರದಿಂದ ಮಾಡಿದ್ದಂತೂ ಬೇಡವೇ ಬೇಡ.

ಒಣ ಪುಡಿಯನ್ನು ಸುಮ್ನೆ ಎರಚಬೇಡಿ. ಧೂಳು ಎದೆಗೆ ಹೋಗುತ್ತದೆ, ಮಣ್ಣಿನ ಸಾರಜನಕವನ್ನೂ ಅದು ಕೆಲ ಕಾಲ ಹಿಡಿದುಕೊಳ್ಳುತ್ತದೆ. ಕಾಂಪೋಸ್ಟ್ ಜೊತೆ ಒದ್ದೆ ಮಾಡಿ ಕೆಲವು ವಾರ ಬಿಟ್ಟು ಬೆರೆಸಿ. ಒಮ್ಮೆ ಹಾಕಿದರೆ ವಾಪಸ್ ತೆಗೆಯಲು ಬರುವುದಿಲ್ಲ, ಅದಕ್ಕೇ ಮೊದಲು ಒಂದು ಸಣ್ಣ ಮಡಿಯಲ್ಲಿ ನೋಡಿ.

ಕಳೆನಾಶಕದ ಉಳಿಕೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಲೋಹಕ್ಕೆ ಮೂರು. ಚೀಲದ ಮೇಲಿನ ಬರಹಕ್ಕೆ ಒಂದು.